ಗ್ಯಾಲರಿಯ ಹಾಡು, ನಮ್ಮಪ್ಪನ ತಮಟೆ

ಕನ್ನಡದ ವಿಮರ್ಶಕರು ಇನ್ನೂ ಕಣ್ಣೆತ್ತಿ ನೋಡದ ಒಂದು ಕಾವ್ಯಪ್ರಕಾರ ಇದೆ. ಅದನ್ನು ಕೂತು ಓದೋಕೆ ಆಗಲ್ಲ, ಎದ್ದು ನಿಂತು ಕೂಗಬೇಕು. ಕಾಗದದ ಮೇಲೆ ಬರೆದರೆ ಎರಡೇ ಸಾಲು, ಹೆಚ್ಚೆಂದರೆ ಮೂರು. ಅದರಲ್ಲಿ ಅರ್ಧ ಯಾವನೋ ಆಟಗಾರನ ಹೆಸರು. ಪ್ರತಿಮೆ ಹುಡುಕುವ ನವ್ಯರ ಮೊಮ್ಮಕ್ಕಳಿಗೆ ಅಲ್ಲಿ ಏನೂ ಸಿಗುವುದಿಲ್ಲ. ಬರೆದವರು ಯಾರು ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಫುಟ್‌ಬಾಲ್ ಮೈದಾನದ ಗ್ಯಾಲರಿಯಲ್ಲಿ ಹುಟ್ಟುವ ಹಾಡು, ಘೋಷಣೆ, ಚಪ್ಪಾಳೆಯ ಬಗ್ಗೆ ಹೇಳುತ್ತಿದ್ದೇನೆ. ಇದು ನಮಗೇಕೆ ಬೇಕು ಅಂತ ಗೆಳೆಯರು ಕೇಳಬಹುದು. ಅದಕ್ಕೆ ಉತ್ತರ ಕೊಡೋಕೆ ನನಗೆ ನಮ್ಮ ಮನೆಯ ಕತೆಯನ್ನೂ ಹೇಳಬೇಕಾಗುತ್ತದೆ. ಸ್ವಲ್ಪ ಕಾಯಿರಿ.

ಶಿವಮೊಗ್ಗದ ಸವಳಂಗ ರಸ್ತೆಯ ಬಾಡಿಗೆ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದೇ ರಸ್ತೆಯಲ್ಲಿ ನವುಲೆ ಕಡೆಗೆ ಹೋದರೆ ಇಂಜಿನಿಯರಿಂಗ್ ಕಾಲೇಜು ಸಿಗುತ್ತದೆ, ಕ್ರಿಕೆಟ್ ಸಂಸ್ಥೆಯ ಮೈದಾನ ಸಿಗುತ್ತದೆ. 2025ರ ಜೂನ್ 3ರ ರಾತ್ರಿ ಈ ರಸ್ತೆಯಲ್ಲಿ ಯಾರೂ ಮಲಗಲಿಲ್ಲ. ಹದಿನೆಂಟು ವರ್ಷ ಕಾದ ಆರ್‌ಸಿಬಿ ಕಪ್ ಗೆದ್ದಿತ್ತು. ಬೈಕುಗಳ ಮೇಲೆ ಮೂರು ಮೂರು ಜನ, ಬಾಯಲ್ಲಿ ಒಂದೇ ಸಾಲು: ‘ಈ ಸಲ ಕಪ್ ನಮ್ದೇ’. ಮಾರನೇ ದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಬಹುಪಾಲು ನನ್ನ ವಯಸ್ಸಿನವರು, ನನಗಿಂತ ಚಿಕ್ಕವರು.

ಆ ಸಾಲನ್ನು ಒಂದು ಪದ್ಯ ಅಂತ ಒಪ್ಪಿಕೊಂಡು ಬಿಡಿಸಿ ನೋಡೋಣ. ಮಾತ್ರೆ ಎಣಿಸಿ. ‘ಈ ಸಲ’ 4, ‘ಕಪ್’ 2, ‘ನಮ್ದೇ’ 4. ನಡುವೆ ಎರಡು ಮಾತ್ರೆ ಕಮ್ಮಿ. ಆ ಖಾಲಿ ಜಾಗಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ 4, 4, 4. ಪಂಡಿತರು ಮಾತ್ರೆ ತುಂಬಿಸೋಕೆ ಸಂಸ್ಕೃತದ ಪದ ತುರುಕುತ್ತಿದ್ದರು, ಜನ ಕೈಯನ್ನೇ ಹಾಕಿದರು. ಇನ್ನು ‘ನಮ್ದು’ ಅಂತಿದ್ದರೆ ಅದು ಬರೀ ವರದಿ. ‘ನಮ್ದೇ’ ಅಂದಾಗ ಬಾಲದಲ್ಲಿ ಒಂದು ಹಟ ಬಂತು, ಒಂದು ಅನುಮಾನವೂ ಬಂತು. ಕೈಯಲ್ಲಿ ಇಲ್ಲದ ವಸ್ತುವಿಗೆ ಮಾತ್ರ ಮನುಷ್ಯ ಅಷ್ಟು ಒತ್ತಿ ‘ನಂದೇ’ ಅನ್ನುತ್ತಾನೆ. 2024ರ ಮಾರ್ಚ್‌ನಲ್ಲಿ ಹೆಣ್ಣುಮಕ್ಕಳ ತಂಡ ಮೊದಲು ಗೆದ್ದಾಗ ಕನ್ನಡ ಮನೆಮಾತಲ್ಲದ ನಾಯಕಿ ಸ್ಮೃತಿ ಮಂಧಾನ ಆ ಒತ್ತನ್ನು ತೆಗೆದು ‘ನಮ್ದು’ ಅಂದರು. ಒಂದಕ್ಷರದ ವ್ಯಾಕರಣ ಆಕೆಗೆ ಗೊತ್ತಾಗಿತ್ತು. ನಮ್ಮ ಎಷ್ಟು ಜನ ಕವಿಗಳಿಗೆ ಅಷ್ಟು ಗೊತ್ತಿದೆ?

ಆದರೆ ಈ ‘ನಾವು’ ಯಾರು? ಆ ತಂಡವನ್ನು ಕಟ್ಟಿದ್ದು ಹೆಂಡದ ಕಂಪನಿ, ಹೆಸರೂ ಹೆಂಡದ್ದೇ. 1980ರ ದಶಕದಲ್ಲಿ ಇದೇ ಮಣ್ಣಿನಲ್ಲಿ ದಲಿತ ಸಂಘರ್ಷ ಸಮಿತಿಯವರು ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಕೂಗಿದ್ದರು. ಅದೂ ಒಂದೇ ಸಾಲು, ಅದಕ್ಕೂ ಚಪ್ಪಾಳೆ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಕೂಗಿ ನೋಡಿ. ಗಂಟಲು ಒಂದೇ, ಶ್ರಮ ಒಂದೇ. ಲಾಭ ಹೋಗುವ ಜೇಬು ಬೇರೆ.

ಕ್ರಿಕೆಟ್‌ನ ಘೋಷಣೆಯನ್ನು ಬಹಳ ಸಲ ಮೈಕಿನವನು, ಜಾಹೀರಾತಿನವನು ಮೇಲಿಂದ ಇಳಿಸುತ್ತಾನೆ. ಫುಟ್‌ಬಾಲ್ ಹಾಡಿನ ಹುಟ್ಟು ಬೇರೆ ಥರ. ಅದಕ್ಕೇ ನನಗೆ ಅದರ ಮೇಲೆ ಹೆಚ್ಚು ಆಸೆ, ಹೆಚ್ಚು ಜಗಳ.

ಬೆಂಗಳೂರು ಎಫ್‌ಸಿ ಶುರುವಾದದ್ದು 2013ರಲ್ಲಿ. ಮೊದಲ ವರ್ಷ ಆಡಿದ್ದು ಅಶೋಕನಗರದ ಹಳೇ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಅಲ್ಲಿನ ಪಶ್ಚಿಮದ ಕಟ್ಟೆಯಲ್ಲಿ ಒಂದಷ್ಟು ಹುಡುಗರು ಸೇರಿ ಹಾಡತೊಡಗಿದರು. ಅದರಿಂದಲೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಅನ್ನುವ ಹೆಸರು ಬಂತು. ಆಮೇಲೆ ಕ್ಲಬ್ಬು ಕಂಠೀರವ ಕ್ರೀಡಾಂಗಣಕ್ಕೆ ಬಂದಾಗ ಹೆಸರನ್ನೂ ಹಾಡನ್ನೂ ಹೊತ್ತುಕೊಂಡೇ ಬಂದರು. ಊರು ಬಿಟ್ಟು ಬರುವವರು ದೇವರನ್ನು ಪೆಟ್ಟಿಗೆಯಲ್ಲಿಟ್ಟು ತರುವ ಹಾಗೆ. 2016ರ ಅಕ್ಟೋಬರ್ 19ರಂದು ಹಿಂದಿನ ವರ್ಷದ ಚಾಂಪಿಯನ್ ಮಲೇಷಿಯಾದ ಜೊಹೊರ್ ತಂಡವನ್ನು ಇಲ್ಲಿ 3-1ರಿಂದ ಸೋಲಿಸಿ ಬೆಂಗಳೂರು ಎಎಫ್‌ಸಿ ಕಪ್ಪಿನ ಫೈನಲ್‌ಗೆ ಹೋಯಿತು. ಅಲ್ಲಿಗೆ ಹೋದ ಮೊದಲ ಭಾರತೀಯ ಕ್ಲಬ್ ಅದು. ಆ ಆಟವನ್ನು ನಾನು ಮೊಬೈಲಿನಲ್ಲಿ ಆಮೇಲೆ ನೋಡಿದ್ದು. ಚೆಂಡು ಕಾಣದೆ ಇದ್ದಾಗಲೂ ಶಬ್ದದಿಂದಲೇ ಚೆಂಡು ಯಾವ ಕಡೆ ಇದೆ ಅಂತ ತಿಳಿಯುತ್ತಿತ್ತು.

ಈ ಹಾಡು ಕಟ್ಟುವ ಬಗೆ ಕುತೂಹಲದ್ದು. ಯಾರೂ ಹೊಸ ರಾಗ ಮಾಡುವುದಿಲ್ಲ. ಜನರ ಕಿವಿಯಲ್ಲಿ ಆಗಲೇ ಇರುವ ಸಿನಿಮಾದ್ದೋ ಜಾತ್ರೆಯದ್ದೋ ಪರದೇಶದ್ದೋ ರಾಗವನ್ನು ಕದಿಯುತ್ತಾರೆ, ಅದರ ಮೇಲೆ ಹೆಸರು ಕೂರಿಸುತ್ತಾರೆ. ಹೆಸರು ಕೂತರೆ ಹಾಡು, ಇಲ್ಲದಿದ್ದರೆ ಇಲ್ಲ. ‘ಸುನಿಲ್’ 3 ಮಾತ್ರೆ, ‘ಛೆಟ್ರಿ’ 3 ಮಾತ್ರೆ. ಹೆಜ್ಜೆ ಹಾಕೋಕೆ ಹೇಳಿ ಮಾಡಿಸಿದ ಹೆಸರು. ಮುಂದೆ ಒಬ್ಬ ಆಟಕ್ಕೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಅವನು ಎತ್ತಿಕೊಡಬೇಕು, ಉಳಿದವರು ತೆಗೆದುಕೊಳ್ಳಬೇಕು. ನಮ್ಮ ಭಜನೆಯಲ್ಲಿ, ಸೋಬಾನೆಯಲ್ಲಿ, ಭಾರ ಎಳೆಯುವಾಗಿನ ಐಲೇಸಾದಲ್ಲಿ ಇರುವ ಮೇಳದ ಕ್ರಮವೇ ಇದು. ಹತ್ತು ಜನ ಶುರು ಮಾಡಿದ ಸಾಲನ್ನು ಇನ್ನೂರು ಜನ ಹಿಡಿಯದಿದ್ದರೆ ಅದು ಅರ್ಧ ನಿಮಿಷದಲ್ಲಿ ಸಾಯುತ್ತದೆ. ಇದಕ್ಕಿಂತ ಕಟುವಾದ ವಿಮರ್ಶೆ ಯಾವ ಪತ್ರಿಕೆಯಲ್ಲಿದೆ? ಸಂಪಾದಕರ ಗುರುತಿನವನು ಅನ್ನುವ ಕಾರಣಕ್ಕೆ ಗ್ಯಾಲರಿಯಲ್ಲಿ ಯಾವ ಹಾಡೂ ಉಳಿಯುವುದಿಲ್ಲ.

ರಾಗ ದೇಶ ದಾಟುವುದಕ್ಕೆ ಪಾಸ್‌ಪೋರ್ಟ್ ಬೇಡ. 2003ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಬ್ರೂಜ್ ಕ್ಲಬ್ಬಿನ ಅಭಿಮಾನಿಗಳು ಆಟ ನೋಡೋಕೆ ಇಟಲಿಯ ಮಿಲಾನಿಗೆ ಹೋಗಿದ್ದರು. ಅಲ್ಲಿನ ಬಾರಿನಲ್ಲಿ ಅಮೆರಿಕದ ವೈಟ್ ಸ್ಟ್ರೈಪ್ಸ್ ತಂಡದ ಒಂದು ಹಾಡು ಕೇಳಿದರು. ಮಾತು ಬಿಟ್ಟು ಅದರ ಏಳು ಸ್ವರಗಳ ತುಂಡನ್ನಷ್ಟೇ ಬಾಯಲ್ಲಿ ಹೊತ್ತುಕೊಂಡು ಹೋದರು. 2006ರ ವಿಶ್ವಕಪ್ ಹೊತ್ತಿಗೆ ಅದು ಇಡೀ ಇಟಲಿಯ ಕೂಗಾಗಿತ್ತು. ಈಗ ನಮ್ಮ ಹಾಸ್ಟೆಲಿನ ವಾಲಿಬಾಲ್ ಹುಡುಗರೂ ಅದನ್ನೇ ಗುನುಗುತ್ತಾರೆ, ಎಲ್ಲಿಯದು ಅಂತ ಗೊತ್ತಿಲ್ಲದೆ.

ಇಂಗ್ಲೆಂಡಿನ ಲಿವರ್‌ಪೂಲ್ ಮೈದಾನದಲ್ಲಿ ‘ಕಾಪ್’ ಅಂತ ಒಂದು ಕಟ್ಟೆ ಇದೆ. ಗ್ಯಾಲರಿ ಹಾಡಿನ ಕಾಶಿ ಅಂತ ಅದನ್ನು ಕರೆಯುತ್ತಾರೆ. 1960ರ ದಶಕದಲ್ಲಿ ಬಂದರಿನ ಕೂಲಿಗಳು, ಕಾರ್ಖಾನೆಯವರು ರೇಡಿಯೋದ ಹಾಡುಗಳನ್ನು ಅಲ್ಲಿ ತಮ್ಮವನ್ನಾಗಿ ಮಾಡಿಕೊಂಡರು. ಆ ಕಟ್ಟೆಗೆ 1906ರಲ್ಲಿ ಹೆಸರಿಟ್ಟದ್ದು ದಕ್ಷಿಣ ಆಫ್ರಿಕಾದ ಸ್ಪಯಾನ್ ಕಾಪ್ ಎಂಬ ಗುಡ್ಡದ ನೆನಪಿಗೆ. 1900ರ ಜನವರಿಯಲ್ಲಿ ಬೋಯರ್ ಯುದ್ಧದಲ್ಲಿ ಆ ಗುಡ್ಡದ ಮೇಲೆ ಬ್ರಿಟಿಷ್ ಸೈನಿಕರು ಗುಡ್ಡೆಗುಡ್ಡೆಯಾಗಿ ಬಿದ್ದರು. ಅವರಲ್ಲಿ ಗಾಯಗೊಂಡವರನ್ನು ಹೆಗಲ ಮೇಲೆ ಹೊತ್ತು ತಂದವರಲ್ಲಿ ಗಾಂಧಿ ಕಟ್ಟಿದ ಭಾರತೀಯರ ದಳವೂ ಇತ್ತು. ಸುಮಾರು 1,100 ಜನರ ಆ ದಳದಲ್ಲಿ 800ರಷ್ಟು ಮಂದಿ ಕರಾರಿನ ಕೂಲಿಗಳು, ಕಬ್ಬಿನ ಗದ್ದೆಗೆ ಹಡಗಿನಲ್ಲಿ ಸಾಗಿಸಿದವರು. ಗಾಂಧಿಯ ಹೆಸರು ಚರಿತ್ರೆಯಲ್ಲಿದೆ, ಸತ್ತ ಸೈನಿಕರ ನೆನಪು ಕಟ್ಟೆಯ ಹೆಸರಿನಲ್ಲಿದೆ. ಹೊತ್ತವರ ಹೆಸರು ಯಾವ ಹಾಡಿನಲ್ಲೂ ಇಲ್ಲ. ಜಗತ್ತಿನ ಅತಿ ದೊಡ್ಡ ಗ್ಯಾಲರಿ ಹಾಡಿನ ಅಡಿಪಾಯದಲ್ಲೂ ಹೆಣ ಹೊರುವ ಕೆಲಸ ನಮ್ಮಂಥವರದ್ದೇ. ಇದನ್ನು ಓದಿದ ರಾತ್ರಿ ನನಗೆ ನಗು ಬಂತು, ಆಮೇಲೆ ನಿದ್ದೆ ಬರಲಿಲ್ಲ.

ಹಾಡಿನಿಂದ ಆಟ ಗೆಲ್ಲುತ್ತದೋ ಇಲ್ಲವೋ, ಹಾಡಿಲ್ಲದ ಮೈದಾನ ಸ್ಮಶಾನ ಅನ್ನುವುದು ಆಡುವವರಿಗೆ ಗೊತ್ತು. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ 5-0ರಿಂದ ಗೆದ್ದಾಗ ನೋಡೋಕೆ ಬಂದಿದ್ದವರು ಎರಡೂವರೆ ಸಾವಿರ ಜನ. ಮಾರನೇ ದಿನ ಛೆಟ್ರಿ ಒಂದು ವಿಡಿಯೋದಲ್ಲಿ ಕೈ ಮುಗಿದು ಕೇಳಿಕೊಂಡರು: ಬಂದು ಬೈಯಿರಿ ಬೇಕಾದರೆ, ಆದರೆ ಬನ್ನಿ ಅನ್ನುವ ಅರ್ಥದ ಮಾತು. ಮುಂದಿನ ಆಟಕ್ಕೆ ಟಿಕೆಟ್ಟೆಲ್ಲ ಖಾಲಿ.

ಈಗ ನಮ್ಮ ಮನೆಯ ಕತೆ.

ನಮ್ಮಪ್ಪ ತಮಟೆ ಬಡಿಯುವವರು. ಊರಲ್ಲಿ ಸಾವಾದರೆ ಬಡಿಯಬೇಕು, ಮಾರಿ ಜಾತ್ರೆಗೆ ಬಡಿಯಬೇಕು, ಡಂಗುರಕ್ಕೆ ಬಡಿಯಬೇಕು. ಬೇಕೋ ಬೇಡವೋ ಅಂತ ಯಾರೂ ಕೇಳುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಚರ್ಮ ಸಡಿಲ ಆಗುತ್ತದೆ. ಹುಲ್ಲು ಹಚ್ಚಿ ಬೆಂಕಿಗೆ ಹಿಡಿದು ಬಿಗಿ ಮಾಡಬೇಕು. ಆ ಹೊಗೆಯ ವಾಸನೆ ನನ್ನ ಶಾಲೆಯ ಅಂಗಿಯಲ್ಲೂ ಇತ್ತು. ಎಂಟನೇ ಕ್ಲಾಸಿನ ತನಕ ನಾನೂ ಬಡಿದೆ. ಆಮೇಲೆ ಒಂದು ದಿನ, ‘ಓದೋನು ಇದನ್ನ ಮುಟ್ಟಬಾರದು’ ಅಂತ ಅಪ್ಪನೇ ಕಡ್ಡಿ ಕಿತ್ತುಕೊಂಡರು. ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನಂದು. ಆ ಡಿಗ್ರಿಯ ಬೆಲೆಗಳಲ್ಲಿ ಆ ಕಡ್ಡಿಯೂ ಒಂದು.

ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದಾಗ ಗೆಳೆಯನೊಬ್ಬ ಕಂಠೀರವಕ್ಕೆ ಕರೆದುಕೊಂಡು ಹೋದ. ಪಶ್ಚಿಮದ ಕಟ್ಟೆಯಲ್ಲಿ ನಿಂತೆವು. ತೊಂಬತ್ತು ನಿಮಿಷ ಯಾರೂ ಕೂರಲಿಲ್ಲ. ಕನ್ನಡ, ಇಂಗ್ಲಿಷು, ನಡುನಡುವೆ ತಮಿಳು, ಎಲ್ಲ ಕಲಸಿದ ಕೂಗು. ಪಕ್ಕದವನ ಜಾತಿ ಏನು ಅಂತ ನನಗೆ ಗೊತ್ತಿರಲಿಲ್ಲ, ಅವನಿಗೆ ನನ್ನದು ಗೊತ್ತಿರಲಿಲ್ಲ. ಗೋಲು ಬಿದ್ದಾಗ ಅವನು ನನ್ನನ್ನು ತಬ್ಬಿಕೊಂಡ. ಹೇಳೋಕೆ ಸಣ್ಣ ವಿಷಯ. ಆದರೆ ನಮ್ಮೂರಲ್ಲಿ ನನ್ನನ್ನು ಹಾಗೆ ತಬ್ಬಿದವರು ನಮ್ಮ ಕೇರಿಯಿಂದಾಚೆ ಯಾರೂ ಇಲ್ಲ.

ಎರಡನೇ ಅರ್ಧದಲ್ಲಿ ಡ್ರಮ್ಮು ಬಡಿಯುತ್ತಿದ್ದ ಹುಡುಗ ಕೈ ಸೋತು ಸುತ್ತ ನೋಡಿದ. ‘ಯಾರಿಗಾದ್ರೂ ಬರುತ್ತಾ?’ ನನ್ನ ಗೆಳೆಯ ನನ್ನನ್ನು ಮುಂದೆ ತಳ್ಳಿಬಿಟ್ಟ. ಕೋಲು ಕೈಗೆ ಬಂತು. ಪ್ಲಾಸ್ಟಿಕ್ ಪೊರೆಯ ಡ್ರಮ್ಮು, ಅದಕ್ಕೆ ಬೆಂಕಿ ಬೇಡ, ಮಳೆಯ ಹೆದರಿಕೆ ಇಲ್ಲ, ಯಾವ ಪ್ರಾಣಿಯ ಚರ್ಮವನ್ನು ಯಾರು ಸುಲಿದರು ಅನ್ನುವ ಪ್ರಶ್ನೆಯೂ ಇಲ್ಲ. ಹತ್ತು ವರ್ಷ ಮುಟ್ಟದಿದ್ದರೂ ಮಣಿಕಟ್ಟು ಮರೆತಿರಲಿಲ್ಲ. ನಾನು ಬಡಿದದ್ದು ಮಾರಿ ಜಾತ್ರೆಯ ಗತ್ತು. ಅದರ ಮೇಲೆ ಅವರು ತಮ್ಮ ಕೂಗನ್ನು ಕೂರಿಸಿಕೊಂಡರು. ಇಡೀ ಕಟ್ಟೆ ಕುಣಿಯಿತು. ಇಷ್ಟು ಜನ ನನ್ನ ಕೈಗೆ ಕುಣಿದದ್ದು ಅದೇ ಮೊದಲು. ಆಟ ಮುಗಿದ ಮೇಲೆ ಒಬ್ಬ ನಗುತ್ತಾ ಕೇಳಿದ: ‘ಸಖತ್ ಗುರು, ಎಲ್ಲಿ ಕಲಿತಿದ್ದು?’

‘ಕಾಲೇಜಲ್ಲಿ’ ಅಂದೆ.

ಸುಳ್ಳು ಹೇಳಿದೆ ಗೆಳೆಯರೇ. ದಲಿತ ಕವಿ ಅಂತ ಹೇಳಿಕೊಳ್ಳುವವನು, ವೇದಿಕೆಯ ಮೇಲೆ ಅಪ್ಪನ ತಮಟೆಯ ಬಗ್ಗೆ ಪದ್ಯ ಓದಿ ಚಪ್ಪಾಳೆ ತೆಗೆದುಕೊಳ್ಳುವವನು. ಅಷ್ಟು ಹೊತ್ತು ಜಾತಿ ಇಲ್ಲದೆ ನಿಂತಿದ್ದ ಜಾಗದಲ್ಲಿ ಮತ್ತೆ ಜಾತಿ ಹುಟ್ಟಿಬಿಡುತ್ತದೆ ಅಂತ ಹೆದರಿದೆನಾ? ಆ ಹುಡುಗ ಏನೂ ತಪ್ಪು ಮಾಡಿರಲಿಲ್ಲ. ನಿಜ ಹೇಳಿದ್ದರೆ ಬಹುಶಃ ಇನ್ನೂ ಖುಷಿಪಡುತ್ತಿದ್ದ. ಆದರೆ ಅವನ ಖುಷಿಯನ್ನೂ ನಂಬೋಕೆ ಆಗಲಿಲ್ಲ ನನಗೆ.

ಊರಿಗೆ ಬಂದಾಗ ಅಪ್ಪನಿಗೆ ಹೇಳಿದೆ. ಅವರು ಎರಡೇ ಪ್ರಶ್ನೆ ಕೇಳಿದರು. ‘ಎಷ್ಟು ಕೊಟ್ರು?’ ಏನೂ ಕೊಡಲಿಲ್ಲ, ನಾವೇ ಟಿಕೆಟ್ಟಿಗೆ ಕೊಟ್ಟು ಹೋಗಿದ್ದು ಅಂದೆ. ಅವರಿಗೆ ಅರ್ಥ ಆಗಲಿಲ್ಲ. ದುಡ್ಡು ಕೊಟ್ಟು ಹೋಗಿ ಬಡಿಯುವವನು ಎಂಥ ದಡ್ಡ ಅನ್ನುವ ಹಾಗೆ ನೋಡಿದರು. ‘ಊಟಕ್ಕೆ ಒಳಗೆ ಕೂರಿಸಿದ್ರಾ?’ ಅನ್ನುವುದು ಎರಡನೆಯದು.

ಗ್ಯಾಲರಿ ಹಾಡಿನ ಬಗ್ಗೆ ಬಂದ ಎಷ್ಟೋ ಹೊಗಳಿಕೆಗಳಲ್ಲಿ ಈ ಎರಡು ಪ್ರಶ್ನೆಗಳಿಲ್ಲ. ಬಡಿತ ಕಲೆ ಆಗುವುದು ಬಡಿಯುವವನಿಗೆ ಬಡಿಯದೆ ಇರುವ ಹಕ್ಕು ಬಂದ ಮೇಲೆ. ಕಂಠೀರವದ ಹುಡುಗನಿಗೆ ಆ ಹಕ್ಕು ಹುಟ್ಟಿನಿಂದ ಇದೆ, ಅವನು ಕೋಲು ಕೆಳಗಿಟ್ಟರೆ ಯಾರೂ ಅವನ ಮನೆ ಬಾಗಿಲಿಗೆ ಬರುವುದಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು, ನಮ್ಮ ಕೇರಿಯಲ್ಲಿ ಸಿಹಿ ಹಂಚಿದರು. ಅದರ ಮರುವಾರವೇ ಊರಿನ ಒಂದು ಸಾವಿಗೆ ಅಪ್ಪನಿಗೆ ಬುಲಾವ್ ಬಂತು.

ಹಾಗಂತ ಗ್ಯಾಲರಿಯನ್ನು ಮಧ್ಯಮವರ್ಗದ ಮೋಜು ಅಂತ ತಳ್ಳಿಹಾಕುವ ನಮ್ಮ ಕೆಲವು ಗೆಳೆಯರ ಮಾತನ್ನೂ ನಾನು ಒಪ್ಪಲ್ಲ. ಬೆಂಗಳೂರಿನ ಫುಟ್‌ಬಾಲ್ 2013ರಲ್ಲಿ ಹುಟ್ಟಿದ್ದಲ್ಲ. ಹಲಸೂರಿನ ಹತ್ತಿರ ಗೌತಮಪುರ ಅಂತ ಇದೆ, ತಮಿಳು ಮಾತಾಡುವ ದುಡಿಯುವ ಜನರ ಕೇರಿ, ತಲೆಮಾರುಗಳಿಂದ ಫುಟ್‌ಬಾಲ್ ಅಲ್ಲಿನ ಉಸಿರು. ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಜೊತೆಗೆ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ಇದೆ. ಕರಿಯ ಮನುಷ್ಯನೊಬ್ಬನನ್ನು ಬಾಬಾಸಾಹೇಬರ ಪಕ್ಕ ನಿಲ್ಲಿಸಬೇಕು ಅಂತ ಯಾವ ವಿಶ್ವವಿದ್ಯಾಲಯವೂ ಅವರಿಗೆ ಹೇಳಿಕೊಟ್ಟಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ನಮ್ಮ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದ ಆಟಗಾರ. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದಿತು. ಆ ಹುಡುಗರ ಹೆಸರಿನ ಮೇಲೆ ಕಟ್ಟಿದ ಒಂದು ಸಾಲಾದರೂ ನನ್ನ ಕಿವಿಗೆ ಬಿದ್ದಿಲ್ಲ. ಟಿವಿ ಎಲ್ಲಿ ಬೆಳಕು ಬಿಡುತ್ತದೋ ಅಲ್ಲೇ ಹಾಡೂ ಹುಟ್ಟುತ್ತದೆ ಅನ್ನುವುದು ಈ ಕಾವ್ಯದ ಮೇಲಿನ ನನ್ನ ಮೊದಲ ದೂರು.

ಎರಡನೆಯದು ಬೈಗುಳ. ಗ್ಯಾಲರಿಯ ಹಾಡು ತನ್ನವರನ್ನು ಹೊಗಳಿ ಮುಗಿದ ಮೇಲೆ ಎದುರಿನವರ ಕಡೆ ತಿರುಗುತ್ತದೆ. ತಮಾಷೆ ಇರಲಿ, ಬೇಕು. ಆದರೆ ಬೈಗುಳ ಎಲ್ಲಿ ಹೋದರೂ ತಾಯಿ ತಂಗಿಯರ ಮೈಮೇಲೇ ಯಾಕೆ ಬೀಳಬೇಕು? 2023ರ ಮೇ 21ರಂದು ಸ್ಪೇನಿನ ವಲೆನ್ಸಿಯಾದಲ್ಲಿ ಕರಿಯ ಆಟಗಾರ ವಿನಿಸಿಯಸ್‌ಗೆ ಗ್ಯಾಲರಿಯಿಂದ ಕೋತಿ ಅಂತ ಕೂಗಿದರು. ಮರುವರ್ಷ ಮೂವರಿಗೆ ಎಂಟು ತಿಂಗಳ ಜೈಲು ಶಿಕ್ಷೆಯಾಯಿತು. ನಮ್ಮಲ್ಲಿ 2021ರ ಆಗಸ್ಟ್‌ನಲ್ಲಿ ಟೋಕಿಯೋ ಒಲಿಂಪಿಕ್ಸಿನ ಸೆಮಿಫೈನಲಿನಲ್ಲಿ ಹಾಕಿ ತಂಡ ಸೋತ ದಿನ ಹರಿದ್ವಾರದ ಹತ್ತಿರ ವಂದನಾ ಕಟಾರಿಯಾ ಮನೆಯ ಮುಂದೆ ಪಟಾಕಿ ಹೊಡೆದು ಕುಣಿದರು, ತಂಡದಲ್ಲಿ ದಲಿತರು ಜಾಸ್ತಿ ಆದ್ದರಿಂದ ಸೋತಿತು ಅಂತ ಕೂಗಿದರು. ಆಕೆ ಆ ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದವಳು. ಅದೂ ಗುಂಪಿನ ಕೂಗೇ. ಅದಕ್ಕೂ ತಾಳ ಇತ್ತು. ಗುಂಪು ಹಾಡಿದ್ದೆಲ್ಲ ಜನಪರ ಅಂತ ನಂಬುವ ನಮ್ಮ ವಿಮರ್ಶೆ ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಬೇಕು.

ನಮಗೂ ಗುಂಪಿನ ಹಾಡಿನ ಚರಿತ್ರೆ ಇದೆಯಲ್ಲ. ಇಲ್ಲಿಂದ ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪ ಕನ್ನಡ ಮೇಷ್ಟರಾಗಿದ್ದರು. ದಲಿತ ಸಂಘರ್ಷ ಸಮಿತಿ ಮೊಳಕೆ ಒಡೆದದ್ದು ಆ ಕಬ್ಬಿಣದ ಊರಿನಲ್ಲಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಅದನ್ನು ಓದಿದವರಿಗಿಂತ ಜಾಥಾದಲ್ಲಿ ಹಾಡಿದವರು ಹೆಚ್ಚು. ತಮಟೆಯನ್ನು ಸಾವಿನ ಮನೆಯಿಂದ ಎತ್ತಿ ಮೆರವಣಿಗೆಯ ಮುಂದಕ್ಕೆ ತಂದವರು ಅವರು. ಅವತ್ತು ಬಡಿಯುವವನೇ ಹೋರಾಟದ ಯಜಮಾನನೂ ಆಗಿದ್ದ. ಗ್ಯಾಲರಿಯಲ್ಲಿ ಹಾಡು ಅಭಿಮಾನಿಯದು, ತಂಡ ಮಾಲೀಕನದು.

ಮಾಲೀಕರು ಯಾರು ಅಂತ ನೋಡಿದರೆ ಮತ್ತೆ ಕಬ್ಬಿಣವೇ ಸಿಗುತ್ತದೆ. ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಗುಂಪಿನದು, ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ಉಕ್ಕು ಮಾಡುವವರು. ಇತ್ತ 1923ರಲ್ಲಿ ಕಬ್ಬಿಣ ಕೊಡಲು ಶುರುಮಾಡಿದ ಭದ್ರಾವತಿಯ ಸರ್ಕಾರಿ ಕಾರ್ಖಾನೆಯನ್ನು ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿದರು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ನಾನೂ ಒಂದೆರಡು ದಿನ ಹೋಗಿದ್ದೆ. ಅಲ್ಲಿನ ಘೋಷಣೆಗಳು ಹಳೆಯವು, ಗಂಟಲು ಸೋತವು, ಸುತ್ತ ಕ್ಯಾಮೆರಾ ಇಲ್ಲ. ಹುಡುಗರು ಕಮ್ಮಿ. ಅವರಲ್ಲಿ ಒಬ್ಬ ಬೆಂಗಳೂರು ಎಫ್‌ಸಿಯ ನೀಲಿ ಅಂಗಿ ಹಾಕಿಕೊಂಡು ಅಪ್ಪನ ಪಕ್ಕ ಕೂತಿದ್ದ. ಆ ಅಂಗಿಯ ಬಗ್ಗೆ ಒಂದು ಪದ್ಯ ಬರೆಯೋಕೆ ಹೋದೆ, ಬರಲಿಲ್ಲ.

2025ರಲ್ಲಿ ಫೆಡರೇಶನ್ನಿಗೂ ಲೀಗ್ ನಡೆಸುವ ಕಂಪನಿಗೂ ಕರಾರು ಮುಂದುವರಿಯದೆ ಲೀಗೇ ನಿಂತಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು. ಹತ್ತು ಹನ್ನೆರಡು ವರ್ಷ ಕಟ್ಟಿದ ಹಾಡೆಲ್ಲ ಬಾಯಲ್ಲೇ ಇತ್ತು, ಹಾಡೋಕೆ ಆಟ ಇರಲಿಲ್ಲ. ಆ ತಿಂಗಳುಗಳಲ್ಲಿ ನನಗೆ ಅವರ ಮೇಲಿದ್ದ ಅಸೂಯೆ ಕರಗಿತು. ಗೇಟು ಮುಚ್ಚಿದ ಕಾರ್ಖಾನೆಯ ಮುಂದೆ ನಿಂತವರಿಗೂ ಮುಚ್ಚಿದ ಮೈದಾನದ ಮುಂದೆ ನಿಂತವರಿಗೂ ಕೇಳೋಕೆ ಇದ್ದದ್ದು ಒಂದೇ ಪ್ರಶ್ನೆ, ಇದು ನಮ್ದು ಅಂತ ಕೂಗಿದೆವಲ್ಲ, ಯಾವಾಗ ನಮ್ದಾಗಿತ್ತು?

ಕಳೆದ ತಿಂಗಳು ಸವಳಂಗ ರಸ್ತೆಯಿಂದ ಒಳಗೆ ಒಂದು ಖಾಲಿ ಬಯಲಿನಲ್ಲಿ ಹಾಸ್ಟೆಲ್ ಹುಡುಗರ ಪಂದ್ಯ ಇತ್ತು. ಗೋಲಿಗೆ ನಾಲ್ಕು ಕಲ್ಲು, ಬಲೆ ಇಲ್ಲ. ಅವರಿಗೆ ಒಂದು ಹಾಡು ಬರೆದುಕೊಡಿ ಅಂದರು. ರಾತ್ರಿಯೆಲ್ಲ ಕೂತು ಎಂಟು ಸಾಲು ಬರೆದೆ, ಬೆವರು, ಮಣ್ಣು, ಸಮಾನತೆ ಎಲ್ಲ ಹಾಕಿ. ಹುಡುಗರು ಮರ್ಯಾದೆಗೆ ಒಂದು ಸಲ ಹೇಳಿದರು, ಆಮೇಲೆ ಬಿಟ್ಟರು. ಮೂರು ಸಾಲಿನ ಹೊತ್ತಿಗೆ ಅವರ ಉಸಿರು ಮುಗಿದಿತ್ತು. ನನ್ನ ಪದ್ಯವನ್ನು ಅಷ್ಟು ಪ್ರಾಮಾಣಿಕವಾಗಿ ಯಾರೂ ವಿಮರ್ಶೆ ಮಾಡಿರಲಿಲ್ಲ. ಆಮೇಲೆ ಒಬ್ಬ ಖಾಲಿ ಎಣ್ಣೆ ಡಬ್ಬ ತಂದು ನನ್ನ ಮುಂದಿಟ್ಟ. ಮಾರಿ ಜಾತ್ರೆಯ ಅದೇ ಗತ್ತನ್ನು ಬಡಿದೆ. ಅದರ ಮೇಲೆ ಅವರು ತಮ್ಮ ಗೋಲ್‌ಕೀಪರನ ಹೆಸರನ್ನು ಕೂರಿಸಿಕೊಂಡರು, 4 ಮಾತ್ರೆ, ಸರಿಯಾಗಿ ಕೂತಿತು. ಎಲ್ಲಿ ಕಲಿತಿರಿ ಸಾರ್ ಅಂತ ಅವರಲ್ಲೊಬ್ಬ ಕೇಳಿದ. ಈ ಸಲ ಅಪ್ಪನ ಹೆಸರು ಹೇಳಿದೆ. ಅವನು ‘ನಮ್ಮಪ್ಪಾನೂ ಬಡೀತಾನೆ’ ಅಂದು, ಡಬ್ಬದ ಆ ಕಡೆ ಕೂತು ತಾನೂ ಎರಡು ಕಡ್ಡಿ ಎತ್ತಿಕೊಂಡ.